ನಾಟಿಗೆ ಮೊದಲು ಒಂದು ಲ್ಯಾಪ್‌ಟಾಪ್

ದೇವದುರ್ಗ
23 ಜೂನ್ 2024

ವೇದಶ್ರೀ ಅವರಿಗೆ,

‘ಅವರಿಗೆ’ ಎಂದು ಬರೆದು ನನಗೇ ನಗು ಬಂತು. ಹತ್ತನೇ ತರಗತಿಗೆ ಪತ್ರಲೇಖನ ಕಲಿಸುವವಳು ನಾನು. ಆದರೆ ಆರು ವರ್ಷ ಮಾತು ಬಿಟ್ಟ ಗೆಳತಿಗೆ ಹೇಗೆ ಶುರು ಮಾಡಬೇಕೆಂದು ನಮ್ಮ ಪಠ್ಯದಲ್ಲಿಲ್ಲ. ಒಂದು ಸಾಲಿನ ಮರ್ಯಾದೆ ಸಾಕು, ಮುಂದೆ ನೀನು ಎಂದೇ ಬರೆಯುತ್ತೇನೆ.

ನೀನು ಈಗಲೂ ರಾಯಚೂರಿನ ಅದೇ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿದ್ದೀಯೆಂದು ಯಾರೋ ಹೇಳಿದರು. ಅಲ್ಲಿಗೇ ಹಾಕುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾನು ಮೊದಲು ಕೂಗುತ್ತೇನೆ, ಆಮೇಲೆ ಯೋಚಿಸುತ್ತೇನೆ. ಕಳೆದ ಸಲ ಆದದ್ದೂ ಅದೇ.

ವಿಷಯಕ್ಕೆ ಬರುತ್ತೇನೆ. ಅವ್ವನ ಗಂಟಲಲ್ಲಿ ಥೈರಾಯ್ಡ್ ಗಡ್ಡೆಯಾಗಿದೆ. ಆಗಸ್ಟ್ 29ಕ್ಕೆ ರಾಯಚೂರಿನಲ್ಲಿ ಆಪರೇಷನ್. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಆದರೆ ದನಿಯ ನರ ಗಡ್ಡೆಗೆ ಅಂಟಿಕೊಂಡಿದೆಯಂತೆ. ಮಾತು ಉಳಿಯುತ್ತದೆ, ಹಾಡುವ ದನಿಯ ಬಗ್ಗೆ ಭರವಸೆ ಕೊಡಲಾರೆ ಎಂದರು. ಅವ್ವ ಅವರೆದುರಿಗೇ, “ಹಾಡಿ ಯಾರನ್ನ ಉದ್ಧಾರ ಮಾಡಬೇಕಾಗೇದ್ರಿ, ತಗದು ಒಗೀರಿ” ಅಂದಳು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಸೆರಗು ಬಾಯಿಗೆ ಹಿಡಿದುಕೊಂಡಳು.

ಹಿಂದೆ ನೀನು ಧ್ವನಿ ಮುದ್ರಿಸಿಕೊಂಡ, ಅವ್ವ ಭತ್ತ ನೆಡುವಾಗ ಹಾಡುವ ಹನ್ನೊಂದು ನಾಟಿ ಹಾಡುಗಳು ನನ್ನ ಹಳೆ ಲ್ಯಾಪ್‌ಟಾಪಿನಲ್ಲಿವೆ. ಅವಳಿಗೆ ಬರುವುದು ಅದರ ಮೂರರಷ್ಟಾದರೂ ಇದೆ, ಯಾವುದೂ ಎಲ್ಲೂ ಬರೆದಿಟ್ಟಿಲ್ಲ. ಕನ್ನಡ ಎಂ.ಎ. ಮಾಡಿದ ಮಗಳಿಗೆ ಒಂದೂ ಪೂರ್ತಿ ಬಾರದು. ಆಪರೇಷನ್ನಿಗೆ ಮೊದಲು ಅಷ್ಟೂ ಹಾಡು ಹಿಡಿದಿಡಬೇಕು. ಆ ಲ್ಯಾಪ್‌ಟಾಪೋ ಈಗ ಹತ್ತು ನಿಮಿಷ ನಡೆದು ತಾನಾಗಿ ಆರಿಹೋಗುತ್ತದೆ. ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ.

ಹೊಸದು ಕೊಳ್ಳಬೇಕು. ನೀನು ವಿಂಡೋಸ್ ತೆಗೆದು ಹಾಕಿಕೊಟ್ಟ ಲಿನಕ್ಸು, ಅದರೊಳಗಿನ ಹಾಡು ಮುದ್ರಿಸುವ ತಂತ್ರಾಂಶ, ಇವು ಬಿಟ್ಟು ನನಗೆ ಬೇರೆ ಬರುವುದಿಲ್ಲ. ಹಳೆಯ ಹನ್ನೊಂದು ಹಾಡೂ ಅದರಲ್ಲೇ ತೆರೆಯುತ್ತವೆ. ಇಲ್ಲಿಯ ಅಂಗಡಿಯವನು, “ಅದೆಲ್ಲ ಯಾಕ್ರಿ ಮೇಡಂ, ಇದರಾಗ ವಿಂಡೋಸ್ ಬಂದೇ ಬಂದದ” ಎನ್ನುತ್ತಾನೆ. ನಮ್ಮ ಶಾಲೆಯ ಮೌನಪ್ಪ ಸರ್ ಹೋದ ವರ್ಷ ಹೊಸ ಲ್ಯಾಪ್‌ಟಾಪ್ ತಂದು ಲಿನಕ್ಸ್ ಹಾಕಿಸಿದರು. ಅದರ ಸ್ಪೀಕರು ಇವತ್ತಿಗೂ ಬಾಯಿ ಬಿಟ್ಟಿಲ್ಲ. ನನಗೆ ಹಾಗಾದರೆ ಮತ್ತೊಂದು ಕೊಳ್ಳುವ ಶಕ್ತಿಯಿಲ್ಲ, ದಿನಗಳೂ ಇಲ್ಲ.

ಕೊಳ್ಳುವ ಮೊದಲು ಏನೇನು ನೋಡಬೇಕು, ಬರೆದು ತಿಳಿಸು. ಇದು ತಿಳಿದವರು ನನಗೆ ಗೊತ್ತಿರುವುದು ನೀನೊಬ್ಬಳೇ. ಹೀಗೆ ಕೇಳುವುದು ನನಗೆ ಸುಲಭವಾಗಿಲ್ಲ.

ಕಲ್ಯಾಣಿ


ರಾಯಚೂರು
28 ಜೂನ್ 2024

ಕಲ್ಯಾಣೀ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ, ಮಧ್ಯಾಹ್ನದ ಲ್ಯಾಬ್ ಮುಗಿಯುವವರೆಗೆ ಒಡೆಯುವ ಧೈರ್ಯವಾಗಲಿಲ್ಲ. ಕೇಳಿದೆಯಲ್ಲ, ಅಷ್ಟಕ್ಕೇ ನಾನು ನಿನಗೆ ಋಣಿ. ನಿಮ್ಮವ್ವ ಪಾರ್ವತೆಮ್ಮನವರ ಸುದ್ದಿಯನ್ನು ಮಾತ್ರ ಮತ್ತೆ ಮತ್ತೆ ಓದಿದೆ.

ಮೊದಲನೆಯ ಮಾತು: ಲ್ಯಾಪ್‌ಟಾಪಿನ ಹೆಸರು ನಂಬಬೇಡ. ಒಂದೇ ಹೆಸರಿನ ಎರಡು ಯಂತ್ರಗಳ ಹೊಟ್ಟೆಯೊಳಗೆ ಬೇರೆ ಬೇರೆ ಸಾಮಾನು ಇರುತ್ತದೆ. ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ ಪೂರ್ತಿ ಮಾದರಿ ಸಂಖ್ಯೆ ಇರುತ್ತದೆ, ಅದನ್ನು ನೋಡಬೇಕು. ಅದೇ ಸಂಖ್ಯೆಯದರಲ್ಲಿ ಲಿನಕ್ಸ್ ಹಾಕಿದವರು ತಮ್ಮ ಅನುಭವವನ್ನು ಇಂಟರ್ನೆಟ್ಟಿನಲ್ಲಿ ಬರೆದಿರುತ್ತಾರೆ. ನಿನ್ನ ಕೈಗೆ ಎಟುಕುವ ನಾಲ್ಕನ್ನು ಹುಡುಕಿ ಓದಿದ್ದೇನೆ, ಅವುಗಳ ಸಂಖ್ಯೆ ಈ ಹಾಳೆಯ ಹಿಂದಿದೆ. ಆಟದವರಿಗೆಂದು ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದು ನಿನಗೆ ಬೇಡ. ಅದು ಬಿಸಿಯಾಗುತ್ತದೆ, ಬಿಸಿಯಾದರೆ ಫ್ಯಾನು ಕೂಗುತ್ತದೆ, ಆ ಕೂಗು ಹಾಡಿನಲ್ಲಿ ಬರುತ್ತದೆ.

ಎರಡನೆಯದು ಮುಖ್ಯ. ಇದರ ಜೊತೆಗಿರುವ ಪೆನ್‌ಡ್ರೈವಿನಲ್ಲಿ ಇಡೀ ಲಿನಕ್ಸ್ ಇದೆ, ಹಾಡಿನ ತಂತ್ರಾಂಶವೂ ಇದೆ. ಯಂತ್ರವನ್ನು ಇದರಿಂದಲೇ ಶುರು ಮಾಡಬಹುದು, ಒಳಗಿರುವುದನ್ನು ಅದು ಮುಟ್ಟುವುದಿಲ್ಲ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಹೀಗೆ ಶುರು ಮಾಡಿಸಿ ಕೂತು ನೋಡು. ವೈಫೈ ಹಿಡಿಯುತ್ತದೆಯೇ, ಸ್ಪೀಕರಿನಲ್ಲೂ ಹೆಡ್‌ಫೋನಿನಲ್ಲೂ ಸದ್ದು ಬರುತ್ತದೆಯೇ, ಬೆರಳಾಡಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆಯೇ. ಮುಚ್ಚಳ ಮುಚ್ಚಿ ನೂರು ಎಣಿಸಿ ತೆರೆ. ಕೆಲವು ಯಂತ್ರ ಮಲಗಿದರೆ ಏಳುವುದೇ ಇಲ್ಲ. ಕೊನೆಗೆ, ಮೈಕ್ ಸಿಕ್ಕಿಸುವ ನಮ್ಮ ನೀಲಿ ಪೆಟ್ಟಿಗೆ ಇನ್ನೂ ನಿನ್ನ ಬಳಿ ಇದ್ದೀತು. ಅದನ್ನು ಜೋಡಿಸಿ ಐದು ನಿಮಿಷ ಮುದ್ರಿಸಿ ಕೇಳು. ನಡುನಡುವೆ ಚಟ್ ಚಟ್ ಎಂದರೆ ಆ ಯಂತ್ರ ಬೇಡ.

ಬೇರೆ ಅಂಗಡಿಯವರು ಹೊಸ ಯಂತ್ರಕ್ಕೆ ಪೆನ್‌ಡ್ರೈವ್ ಹಾಕಗೊಡುವುದಿಲ್ಲ. ನಮ್ಮ ದೊಡ್ಡಪ್ಪನ ಮಗ ವಿಬುಧೇಂದ್ರನ ಅಂಗಡಿಗೆ ಹೋಗು, ಅವನಿಗೆ ಎಲ್ಲ ಹೇಳಿಟ್ಟಿದ್ದೇನೆ. ನಾನೂ ಬರಲೇ ಎಂದು ಕೇಳಲು ಬಾಯಿ ಬರುತ್ತಿಲ್ಲ. ಕರೆದರೆ ಬರುತ್ತೇನೆ. ಇದನ್ನು ನಿಮ್ಮೂರ ಬಸ್ಸಿನ ಕಂಡಕ್ಟರ್ ಹಾಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಗಿಂತ ಬೇಗ. ನೀನೂ ಅವನಿಗೇ ಕೊಡು.

ವೇದಾ


ದೇವದುರ್ಗ
8 ಜುಲೈ 2024

ವೇದಾ,

ಲ್ಯಾಪ್‌ಟಾಪ್ ಬಂತು! ನಿನ್ನೆ ಭಾನುವಾರ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ನಿಮ್ಮಣ್ಣ ನಮ್ಮನ್ನು ಮೂರು ತಾಸು ಕೂಡಿಸಿಕೊಂಡರು, ಎರಡು ಸಲ ಚಹಾ ತರಿಸಿದರು. “ನಮ್ಮ ವೇದಾ ಹೇಳ್ಯಾಳ್ರಿ, ನೀವು ಸಂಜಿತನಕ ನೋಡ್ರಿ, ನಂದೇನೂ ಇಲ್ಲ” ಅಂದರು.

ಮೊದಲನೆಯ ಯಂತ್ರಕ್ಕೆ ವೈಫೈ ಕಾಣಲೇ ಇಲ್ಲ. ಎರಡನೆಯದು ಮುಚ್ಚಳ ಮುಚ್ಚಿದ ಮೇಲೆ ಏಳಲಿಲ್ಲ. ನಿನ್ನ ಪತ್ರ ಇಲ್ಲದಿದ್ದರೆ ಆ ಎರಡನೆಯದನ್ನೇ ತಂದಿರುತ್ತಿದ್ದೆ, ನೋಡಲು ಬಹಳ ಚೆಂದವಿತ್ತು. ಮೂರನೆಯದು ಎಲ್ಲಕ್ಕೂ ಹೂಂ ಅಂದಿತು. ನೀಲಿ ಪೆಟ್ಟಿಗೆ ಜೋಡಿಸಿ ಅವ್ವನ ಮುಂದೆ ಮೈಕ್ ಹಿಡಿದೆ. “ಏನ್ ಮಾತಾಡ್ಲೇ ನಾನು?” ಅಂದಳು. ಏನಾದರೂ ಅಂದೆ. “ಈ ಅಂಗಡ್ಯಾಗ ಫ್ಯಾನ್ ಇಲ್ಲೇನ್ರಿ, ಕುದಿಯಾಕತ್ತೇದ” ಅಂದಳು. ಅದನ್ನೇ ಐದು ಸಲ ಕೇಳಿದೆವು. ಒಂದು ಚಟ್ ಇಲ್ಲ. ನೀನು ಪಕ್ಕದಲ್ಲೇ ಕೂತಿದ್ದಂತೆ ಆಯಿತು ನನಗೆ. ಥ್ಯಾಂಕ್ಸ್ ಎಂದು ಬರೆದರೆ ಸಣ್ಣದಾಗುತ್ತದೆ, ಆದರೂ ಬರೆಯುತ್ತೇನೆ.

ದುಡ್ಡು ಕೊಟ್ಟ ಮೇಲೆ ನಿಮ್ಮಣ್ಣ ಅದನ್ನು ದೇವರ ಫೋಟೋದ ಮುಂದಿಟ್ಟು ಮೇಲೆ, ಬದಿಗೆ, ಎಲ್ಲ ಕಡೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರು. “ಪೂಜಿ ಮಾಡೇ ಕೊಡು ಅಂತ ವೇದಾನ ಹೇಳ್ಯಾಳ್ರಿ.” ನಮ್ಮ ಮನೆಯಲ್ಲಿ ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚುವುದು ಬಿಟ್ಟರೆ ಇದೆಲ್ಲ ಇಲ್ಲವೆಂದು ನಿನಗೆ ಗೊತ್ತು. ಆದರೆ ಮೂರು ತಾಸು ಮರ್ಯಾದೆ ಮಾಡಿದ ಮನುಷ್ಯನಿಗೆ ಬೇಡ ಎನ್ನಲಾಗಲಿಲ್ಲ. ಅವ್ವ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ನಿನ್ನ ಪತ್ರ ಮತ್ತೆ ಓದಿದೆ. ಎಲ್ಲ ಇದೆ, ಒಂದು ವಿಷಯ ಮಾತ್ರ ಇಲ್ಲ. ಆರು ವರ್ಷದ ಹಿಂದೆ ನಿಮ್ಮ ಕಾಲೇಜಿನ ಸಭೆಯಲ್ಲಿ ನೀನು ಅವ್ವನ ಹಾಡು ಕೇಳಿಸಿದೆ. ಪರದೆಯ ಮೇಲೆ ನಿನ್ನ ಹೆಸರಿತ್ತು, ಮೈಕಿನ ಹೆಸರೂ ಇತ್ತು. ಹಾಡಿದವರು: ‘ಮಾನ್ವಿ ತಾಲೂಕಿನ ಒಬ್ಬ ಕೂಲಿ ಮಹಿಳೆ.’ ಕುರ್ಡಿಯ ನಮ್ಮವ್ವನ ಮನೆಯಲ್ಲಿ ಅವಳ ಎದುರು ಕುಳಿತು ರೊಟ್ಟಿ ತಿಂದವಳು ನೀನು. ಕೊನೆಯ ಸಾಲಿನಲ್ಲಿ ಕುಳಿತು ನಾನು ಅದನ್ನು ಓದಿದೆ. ಈಗ ಉತ್ತರ ಬೇಡ. ಬರೆಯದೆ ಬಿಟ್ಟರೆ ನಿನಗೆ ಮರೆತಿದ್ದೇನೆ ಅನ್ನಿಸಬಹುದು, ಅದಕ್ಕೆ ಬರೆದೆ.

ಕಲ್ಯಾಣಿ


ದೇವದುರ್ಗ
15 ಜುಲೈ 2024

ವೇದಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಹಾಲೇಶ ಬಸ್ಸಿನ ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದಾನೆ. ನಿನ್ನ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿಕೊಂಡೆ. ಎಲ್ಲ ಸರಿ. ನೀಲಿ ಪೆಟ್ಟಿಗೆ ಮಾತ್ರ ಕಾಣಿಸುತ್ತಿಲ್ಲ. ದೀಪವೂ ಹತ್ತುವುದಿಲ್ಲ. ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ನಡೆದದ್ದು ಮನೆಗೆ ಬಂದು ಮುನಿಸಿಕೊಂಡಿದೆ. ನಡುವೆ ಅಪ್‌ಡೇಟ್ ಕೇಳಿತು, ಒತ್ತಿದೆ. ಅದರಿಂದಲೇ?

ಕಲ್ಯಾಣಿ


ರಾಯಚೂರು
16 ಜುಲೈ 2024

ಕಲ್ಯಾಣೀ,

ಅಪ್‌ಡೇಟಿನಿಂದ ಒಮ್ಮೊಮ್ಮೆ ಹೀಗಾಗುತ್ತದೆ. ಶುರುವಾಗುವಾಗ ಹಳೆಯ ಆವೃತ್ತಿ ಆರಿಸುವ ಪಟ್ಟಿ ಬರುತ್ತದೆ, ಕ್ರಮವನ್ನು ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಪೆನ್‌ಡ್ರೈವಿನಿಂದಲೇ ಶುರು ಮಾಡಿ ನೋಡು. ಅದರಲ್ಲೂ ಕಾಣದಿದ್ದರೆ ಕೇಬಲ್ ಬದಲಿಸು. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ತಪ್ಪು ತಿಳಿದಿಲ್ಲ, ಬರೆದೇ ಹೇಳು.

ನಿನ್ನ ಹಿಂದಿನ ಪತ್ರದ ಕೊನೆಯ ಭಾಗಕ್ಕೆ ಉತ್ತರ ಮೂರು ಸಲ ಬರೆದು ಹರಿದೆ.

ವೇದಾ


ದೇವದುರ್ಗ
26 ಜುಲೈ 2024

ವೇದಶ್ರೀ,

ಹಳೆಯ ಆವೃತ್ತಿ ಆಯಿತು, ಪೆನ್‌ಡ್ರೈವ್ ಆಯಿತು, ಎರಡು ಹೊಸ ಕೇಬಲ್ ಆಯಿತು. ಪೆಟ್ಟಿಗೆಯನ್ನು ಮೌನಪ್ಪ ಸರ್ ಲ್ಯಾಪ್‌ಟಾಪಿಗೆ ಹಾಕಿದರೆ ದೀಪ ಹತ್ತುತ್ತದೆ, ನನ್ನದಕ್ಕೆ ಹಾಕಿದರೆ ಇಲ್ಲ. ಪೆನ್‌ಡ್ರೈವ್ ಹೋಗುವ ಅಗಲ ಕಿಂಡಿ ಸರಿಯಿದೆ, ಪೆಟ್ಟಿಗೆಯ ಕೇಬಲ್ ಹೋಗುವ ಆ ಸಣ್ಣ ಚಪ್ಪಟೆ ಕಿಂಡಿ ಇದರಲ್ಲಿರುವುದು ಒಂದೇ. ಕಿಂಡಿಯೇ ಕೆಟ್ಟಿರಬೇಕು ಎಂದರು ನಿಮ್ಮಣ್ಣ. ಕಂಪನಿಗೆ ಕಳಿಸಿದರೆ ತಿರುಗಿ ಬರಲು ಇಪ್ಪತ್ತು ದಿನ, ಹೆಚ್ಚೂ ಆಗಬಹುದು ಎಂದರು.

ಆಪರೇಷನ್ನಿಗೆ ಉಳಿದಿರುವುದು ಒಂದು ತಿಂಗಳು. ಅವ್ವನಿಗೆ ಈಗ ಮಾತಿನ ಮಧ್ಯೆ ದನಿ ಒಡೆಯುತ್ತದೆ. ಹೋದ ವಾರ ಫೋನಿನಲ್ಲಿ ನನ್ನನ್ನು ಕರೆದಳು, ಅರ್ಧ ಹೆಸರು ಬಂತು, ಉಳಿದರ್ಧ ಬರಲಿಲ್ಲ. ಮೊಬೈಲಿನಲ್ಲೇ ಹಿಡಿದುಬಿಡೋಣ ಎಂದುಕೊಂಡು ಒಂದು ಹಾಡು ಹಿಡಿದೆ. ಗದ್ದೆಯ ಗಾಳಿಯೇ ಹಾಡಿತು, ಅವ್ವ ಎಲ್ಲೋ ದೂರದಲ್ಲಿದ್ದಳು.

ಈ ಲಿನಕ್ಸಿನ ಹಟ ನನಗೇಕೆ ಬೇಕಿತ್ತು ಎನ್ನಿಸುತ್ತಿದೆ. ನಿನ್ನನ್ನು ಕೇಳಿದ್ದೇ ತಪ್ಪಾಯಿತೇನೋ. ಇದನ್ನು ಕಳಿಸಬಾರದು, ಗೊತ್ತು. ಆದರೂ ಕಳಿಸುತ್ತಿದ್ದೇನೆ, ಇದು ನಿಜ.

ಕಲ್ಯಾಣಿ


ಕುರ್ಡಿ
28 ಜುಲೈ 2024

ವೇದಾ,

ಮೊನ್ನೆಯ ಪತ್ರ ಹರಿದು ಹಾಕು. ಹರಿಯುವ ಮೊದಲು ಇದನ್ನು ಓದು, ಓದುವ ಮೊದಲು ಕೂತುಕೋ.

ಇವತ್ತು ಲ್ಯಾಪ್‌ಟಾಪ್ ಹೊತ್ತುಕೊಂಡು ಅವ್ವನ ಮನೆಗೆ ಬಂದೆ. ಆಗದು ಎಂದು ಗೊತ್ತಿದ್ದೂ ಪೆಟ್ಟಿಗೆಯ ಕೇಬಲ್ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಇದೇ ಮಾಡುತ್ತಿದ್ದೆ. ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ, “ಅದರ ಮೂತಿ ಕೆಂಪಗ ಯಾಕಾಗೇದ ಬೇ?” ಅಂದಳು. ಏನಿಲ್ಲ ಬಿಡು ಅಂದೆ. “ಏನಿಲ್ಲ ಅಂದ್ರ ಹೆಂಗ? ಇತ್ತ ತಾ” ಎಂದು ಕೇಬಲನ್ನು ಬೆಳಕಿಗೆ ಹಿಡಿದಳು. ಆಮೇಲೆ ಲ್ಯಾಪ್‌ಟಾಪನ್ನು ಮಗುವಿನ ಕಿವಿ ನೋಡುವ ಹಾಗೆ ಓರೆ ಮಾಡಿ ಕಿಂಡಿಯೊಳಗೆ ನೋಡಿದಳು. “ಕುಂಕುಮ ತುಂಬೇದಲ್ಲ ಇದರಾಗ!”

ಯಂತ್ರ ಪೂರ್ತಿ ಆರಿಸಲು ಹೇಳಿ, ಕಸಬರಿಗೆಯಿಂದ ಒಂದು ತೆಳ್ಳನೆ ಕಡ್ಡಿ ಹಿರಿದು, ಮೆಲ್ಲಮೆಲ್ಲಗೆ ಕೆದಕಿದಳು. ಅರಿಶಿನದ ನೀರಿನಲ್ಲಿ ಕಲಸಿದ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ನಾನು ಕೇಬಲ್ ಒತ್ತಿದಾಗಲೆಲ್ಲ ಇನ್ನಷ್ಟು ಒಳಗೆ ಹೋಗಿರಬೇಕು. ಎಲ್ಲ ಉದುರಿಸಿ, ಊದಿ, ಸೆರಗಿನ ತುದಿಯಿಂದ ಒರೆಸಿ, “ಈಗ ಹಚ್ಚು” ಅಂದಳು. ದೀಪ ಹತ್ತಿತು ವೇದಾ!

ಎರಡು ವಾರ ನೀನು ಅಲ್ಲಿ ಆವೃತ್ತಿ ಹುಡುಕಿದೆ, ನಾನು ಇಲ್ಲಿ ಕೇಬಲ್ ಕೊಂಡೆ, ನಿಮ್ಮಣ್ಣ ಕಂಪನಿಗೆ ಪತ್ರ ಬರೆದರು. ಮೂರು ಜನ ಓದಿದವರು ಕಾಣದ್ದನ್ನು ಅವ್ವ ಕೂತಲ್ಲೇ ಕಂಡಳು. ಸುದ್ದಿ ಕೇಳಿ ಪಕ್ಕದ ಮನೆಯ ದಾವಲ್ ಬೀ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅರೇ ಪಾರ್ವತಿ, ನೀನೂ ಒಂದು ರಿಪೇರಿ ದುಕಾನ್ ಹಾಕು” ಅಂದಳು. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ.

ನಿನ್ನನ್ನು ಕೇಳಿದ್ದು ತಪ್ಪಲ್ಲ. ಲಿನಕ್ಸೂ ನಿರಪರಾಧಿ.

ಕಲ್ಯಾಣಿ


ರಾಯಚೂರು
30 ಜುಲೈ 2024

ಕಲ್ಯಾಣೀ,

ಓದಿ ನಕ್ಕೆ. ಆಮೇಲೆ ನಗು ನಿಂತುಹೋಯಿತು.

ಪೂಜೆ ಮಾಡೇ ಕೊಡು ಎಂದು ವಿಬುಧೇಂದ್ರನಿಗೆ ಹೇಳಿದವಳು ನಾನು. ನಿನ್ನ ಮನೆಯಲ್ಲಿ ಅದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೇಳುವಾಗ ನೆನಪಾಗಲಿಲ್ಲ. ನನಗೆ ಒಳ್ಳೆಯದು ಅನ್ನಿಸಿದ್ದು ನಿನಗೂ ಒಳ್ಳೆಯದೇ ಎಂದುಕೊಂಡೆ. ಒಂದು ಮಾತು ಕೇಳಬಹುದಿತ್ತು.

ಆ ಸಭೆಯಲ್ಲಿಯೂ ನಾನು ಮಾಡಿದ್ದು ಇದೇ. ‘ಕೂಲಿ ಮಹಿಳೆ’ ಎಂದರೆ ಕೇಳುವವರ ಮನಸ್ಸಿಗೆ ಹೆಚ್ಚು ತಟ್ಟುತ್ತದೆ ಎಂದುಕೊಂಡೆ. ಹೆಸರು ಹಾಕಿದರೆ ಅವರಿಗೆ ಮುಜುಗರವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಹೆಸರಿನ ಪಕ್ಕದಲ್ಲಿ ಅವರ ಹೆಸರು ಇರಬೇಕೆಂದು ನನಗೆ ಹೊಳೆಯಲೇ ಇಲ್ಲ, ನಿಜ ಅಷ್ಟೇ. ಆವತ್ತು ಫೋನಿನಲ್ಲಿ ನೀನು ಕೂಗಿದಾಗ ನಿನ್ನದು ಅತಿಯಾಯಿತು ಎಂದೆ. ಅತಿಯಾದದ್ದು ನನ್ನದು. ತಪ್ಪಾಯಿತು ಕಲ್ಯಾಣಿ. ಇದನ್ನು ಬರೆಯಲು ಆರು ವರ್ಷ ತೆಗೆದುಕೊಂಡೆ, ಅದೂ ತಪ್ಪೇ.

ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಮುದ್ರಿಸುವ ದಿನ ಮೈಕ್ ಹಿಡಿಯಲು ಒಂದು ಕೈ ಬೇಕಾದರೆ ಹೇಳು.

ವೇದಾ


ದೇವದುರ್ಗ
12 ಆಗಸ್ಟ್ 2024

ವೇದಾ,

ಹಿಂದಿನ ಪತ್ರಕ್ಕೆ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಅದನ್ನು ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಆ ಹುಡುಗಿ ಊಟಕ್ಕ ಬಂದು ಎಷ್ಟು ವರ್ಸಾತು?” ಅಂದಳು. ನಾನು ಅಷ್ಟು ದೊಡ್ಡವಳಲ್ಲ, ನನಗೆ ಇನ್ನೂ ಸ್ವಲ್ಪ ದಿನ ಬೇಕು. ಆದರೆ ಓದಿ ಎದೆ ಹಗುರಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಈಗ ತುರ್ತಿನ ಮಾತು. ಮನೆಯೊಳಗೆ ಕಿಟಕಿ ಮುಚ್ಚಿ, ಹೊರಗಿನ ಸದ್ದು ಬಾರದಂತೆ ಕೌದಿ ಕಟ್ಟಿ, ಎರಡು ದಿನ ಮುದ್ರಿಸಲು ನೋಡಿದೆ. ಅವ್ವನಿಗೆ ಹಾಡು ನೆನಪಾಗುವುದೇ ಇಲ್ಲ. ಎರಡು ಸಾಲು ಹಾಡಿ ನಿಲ್ಲುತ್ತಾಳೆ. “ಕುರ್ಚಿ ಮ್ಯಾಲ ಕುಂತ್ರ ಹೆಂಗ ಬರತದ? ಕೈಯಾಗ ಸಸಿ ಇರಬೇಕು, ಕಾಲಾಗ ಕೆಸರಿರಬೇಕು. ಒಬ್ಬಾಕಿ ಹೇಳಬೇಕು, ಉಳಿದೋರು ಎತ್ತಿಕೋಬೇಕು” ಎನ್ನುತ್ತಾಳೆ. ಕಾಲುವೆಗೆ ನೀರು ಬಂದಿದೆ. ಅವಳ ಗುಂಪಿನ ಆರು ಜನ ಗುರುವಾರದಿಂದ ನೀರಮಾನ್ವಿ ಕಡೆ ನಾಟಿಗೆ ಹೋಗುತ್ತಾರೆ. ಹಾಡು ಬೇಕೆಂದರೆ ನಾವೇ ಗದ್ದೆಗೆ ಹೋಗಬೇಕು. ಅಲ್ಲಿ ಕರೆಂಟಿಲ್ಲ, ಗಾಳಿಯಿದೆ, ನನ್ನ ಕೈಯಲ್ಲಿ ಆಗದು. ಬಾ. ಕರೆಯುತ್ತಿದ್ದೇನೆ.

ಕಲ್ಯಾಣಿ


ರಾಯಚೂರು
19 ಆಗಸ್ಟ್ 2024

ಕಲ್ಯಾಣೀ,

ಸೀರೆಯ ಕೆಸರು ತೊಳೆದರೂ ಹೋಗಿಲ್ಲ, ಅಮ್ಮ ಬೈಯುತ್ತಿದ್ದಾಳೆ. ಮೂವತ್ತೆಂಟು ಹಾಡು! ಎಲ್ಲವನ್ನೂ ಎರಡು ಕಡೆ ನಕಲು ಮಾಡಿ ಇಟ್ಟಿದ್ದೇನೆ, ಒಂದು ಪ್ರತಿ ಇದರ ಜೊತೆಗಿದೆ.

ನಾನು ನಿನಗೆ ಏನೋ ಉಪಕಾರ ಮಾಡಿದೆನೆಂದು ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದೆಯಲ್ಲ, ಲೆಕ್ಕ ತಿರುವುಮುರುವಾಗಿದೆ. ಲ್ಯಾಪ್‌ಟಾಪನ್ನು ಗದ್ದೆಯ ಒಡ್ಡಿನ ಮೇಲೆ ಛತ್ರಿಯಡಿ ಇಟ್ಟು, ಮೈಕನ್ನು ಬಿದಿರಿಗೆ ಕಟ್ಟಿ ನಾಟಿಯ ಆರೂ ಜನರ ತಲೆಗಳ ಮೇಲೆ ಹಿಡಿದು, ಅವರು ಹಿಂದೆ ಹಿಂದೆ ಸರಿದಂತೆ ನಾನೂ ಸರಿಯುತ್ತ ಹೋದೆ. ಮೊದಲ ಹಾಡಿಗೆ ಪಾರ್ವತೆಮ್ಮನವರ ದನಿ ಒಡೆಯಿತು. ದಾವಲ್ ಬೀ ತಕ್ಷಣ ಆ ಸಾಲನ್ನು ಎತ್ತಿಕೊಂಡರು, ಉಳಿದವರು ಸೇರಿದರು, ಅಷ್ಟರಲ್ಲಿ ಇವರು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಬಂದರು. ಆಮೇಲೆ ಒಂದರ ಹಿಂದೆ ಒಂದು, ಕೇಳುವ ಗೊಡವೆಯೇ ಇಲ್ಲದೆ ಬಂದವು. ‘ಬಾಗಿದ ನಡುವಿಗೆ ಮುಗಿಲೇ ಸೆರಗವ್ವ’ ಎಂಬಲ್ಲಿ ನಾನು ಬಿದಿರು ಅಲ್ಲಾಡಿಸಿಬಿಟ್ಟೆ, ಅದರಲ್ಲಿ ಸ್ವಲ್ಪ ಸದ್ದು ಬಂದಿದೆ. ಕ್ಷಮಿಸು.

ಹೆಸರು ಏನೆಂದು ಹಾಕಲಿ ಎಂದು ಈ ಸಲ ನಾನು ಪಾರ್ವತೆಮ್ಮನವರನ್ನು ಕೇಳಿದೆ, ನೀನು ನೋಡಿದೆ. “ನಂದೊಬ್ಬಾಕಿದ ಹಾಕಿದ್ರ ಇವರು ನನ್ನ ಬಿಡತಾರೇನು? ಎಲ್ಲಾರ ಹೆಸರೂ ಎಲ್ಲಾರೂ ತಾವ ಹೇಳಲಿ” ಅಂದರು. ಆರು ಜನ ಮೈಕಿನ ಮುಂದೆ ಒಬ್ಬೊಬ್ಬರಾಗಿ ತಮ್ಮ ಹೆಸರು, ಊರು ಹೇಳಿದರಲ್ಲ, ನನಗೆ ಇಡೀ ಮುದ್ರಣದಲ್ಲಿ ಅದೇ ಹೆಚ್ಚು ಇಷ್ಟ. ಕೆಲವರಿಗೆ ನಾಚಿಕೆ, ಹೀರಾಬಿ ಮಾತ್ರ ಹಾಜರಿ ಹೇಳಿದಂತೆ ಕೂಗಿದರು.

ನನ್ನನ್ನು ಆ ಒಡ್ಡಿನ ಮೇಲೆ ನಿಲ್ಲಗೊಟ್ಟೆ. ಈ ಋಣ ನನ್ನ ಮೇಲಿರಲಿ.

ವೇದಾ


ರಾಯಚೂರು, ಆಸ್ಪತ್ರೆ
5 ಸೆಪ್ಟೆಂಬರ್ 2024

ವೇದಾ,

ನೀನು ದಿನಾ ಬುತ್ತಿ ತಂದುಕೊಟ್ಟು ಹೋಗುತ್ತಿದ್ದೀಯ, ಆದರೂ ಎದುರಿಗೆ ಹೇಳಲಾಗದ್ದನ್ನು ಬರೆದು ಬುತ್ತಿಯ ಡಬ್ಬಿಯಲ್ಲೇ ಇಡುತ್ತಿದ್ದೇನೆ. ಗಡ್ಡೆ ಕೆಟ್ಟದ್ದಲ್ಲವೆಂದು ಇವತ್ತು ವರದಿ ಬಂತು. ಅವ್ವ ಆರಾಮಾಗುತ್ತಾಳೆ. ದನಿ ಪಿಸುಮಾತಿನಷ್ಟಿದೆ. ಎಷ್ಟು ತಿರುಗಿ ಬರುತ್ತದೋ ಆರು ತಿಂಗಳು ಕಾಯಬೇಕು, ಹಾಡುವಷ್ಟು ಬರಲಿಕ್ಕಿಲ್ಲ ಎಂದರು ಡಾಕ್ಟರು. ಅವ್ವ ತಲೆಯಾಡಿಸಿದಳು, ಮೊದಲೇ ಗೊತ್ತಿದ್ದವಳಂತೆ.

ಹಾಡು ಕೇಳಿಸಲೇ ಎಂದೆ. ಬೇಡ ಎಂದು ಕೈಮಾಡಿ, ನನ್ನನ್ನು ಹತ್ತಿರ ಕರೆದು, “ಅದರಾಗಿನ ದನಿ ಕೇಳಿದ್ರ ಇದು ಇನ್ನಾ ಸಣ್ಣದಾಗತದ” ಎಂದಳು. ಮತ್ತೆ ಒತ್ತಾಯ ಮಾಡಲಿಲ್ಲ. ಬದುಕಿದ್ದಾಳೆ, ಹಾಡು ಉಳಿದಿದೆ. ಇಷ್ಟಕ್ಕೆ ನಾನು ಯಾರು ಯಾರಿಗೆ ಕೈ ಮುಗಿಯಲಿ ಎಂದು ಎಣಿಸುತ್ತಿದ್ದೆ. ಎಲ್ಲಿಂದ ಎಣಿಸಿದರೂ ನಿನ್ನ ಹೆಸರು ಬರುತ್ತದೆ. ನನಗೆ ಬೇಕಾಗಿದ್ದ ‘ಸ್ವಲ್ಪ ದಿನ’ ಮುಗಿದಿದೆ.

ಕಲ್ಯಾಣಿ


ಕುರ್ಡಿ
20 ಜನವರಿ 2025

ವೇದಾ,

ಇದನ್ನು ನಿನಗೆ ಫೋನಿನಲ್ಲಿ ಹೇಳಲು ಎರಡು ಸಲ ಕೈಗೆತ್ತಿಕೊಂಡು ಬಿಟ್ಟೆ. ಹೇಳಿದರೆ ಅತ್ತುಬಿಡುತ್ತೇನೆ, ನೀನೂ ಅಳುತ್ತೀಯ, ಸುದ್ದಿ ಅಲ್ಲೇ ಉಳಿಯುತ್ತದೆ.

ಎರಡನೇ ಬೆಳೆಯ ನಾಟಿ ನಡೆದಿದೆ. ಅವ್ವನಿಗೆ ಭಾರ ಎತ್ತಬಾರದು, ಬಗ್ಗಬಾರದು ಎಂದಿದ್ದಾರೆ. ದನಿ ನಮ್ಮ ಪಕ್ಕದಲ್ಲಿ ಕೂತರೆ ಕೇಳುವಷ್ಟು ಬಂದಿದೆ, ಅದಕ್ಕಿಂತ ಮೇಲೆ ಏರಿಲ್ಲ. ನಿನ್ನೆ ಬೆಳಿಗ್ಗೆ ದಾವಲ್ ಬೀ ಬಂದಳು. “ಕೆಲಸ ಸಾಗವಲ್ದು ಪಾರ್ವತಿ, ಮುಂದಿನ ಸೊಲ್ಲು ಹೇಳೋರ ಇಲ್ಲ. ನಾನು ಹೇಳಿದ್ರ ನಡುವ ಮರತು ಬಿಡತೀನಿ. ನೀ ಸುಮ್ಮನ ಬಂದು ಒಡ್ಡಿನ ಮ್ಯಾಲಾದ್ರೂ ಕುಂದ್ರು” ಅಂದಳು. ಅವ್ವ ಹೊರಟಳು. ಕೂಲಿಯವರ ಟಂಟಂ ಆಟೋಕ್ಕೆ ನಾನೂ ಹತ್ತಿದೆ.

ಗದ್ದೆಯಲ್ಲಿ ಅವರು ಶುರು ಮಾಡಿದರು, ಎರಡನೇ ಸಾಲಿಗೆ ತಡವರಿಸಿದರು, ನಿಲ್ಲಿಸಿದರು. ಅವ್ವ ಒಡ್ಡಿನ ಮೇಲೆ ಕುಳಿತು ತುಟಿ ಆಡಿಸುತ್ತಿದ್ದಳು, ಅಲ್ಲಿಗೆ ಕೇಳುತ್ತಿರಲಿಲ್ಲ. ನೋಡುತ್ತ ಕೂರಲು ನನ್ನಿಂದಾಗಲಿಲ್ಲ ವೇದಾ. ಸೀರೆ ಎತ್ತಿ ಕಟ್ಟಿ ಇಳಿದುಬಿಟ್ಟೆ. ಹತ್ತನೇ ತರಗತಿಯ ನಂತರ ಗದ್ದೆಯ ಕೆಸರಿಗೆ ಕಾಲಿಟ್ಟದ್ದು ನಿನ್ನೆಯೇ. ಆ ಮೂವತ್ತೆಂಟು ಹಾಡನ್ನು ಕತ್ತರಿಸಿ, ಸದ್ದು ತೆಗೆದು, ಸಾಲು ಸಾಲು ಬರೆದುಕೊಳ್ಳುತ್ತ ನಾಲ್ಕು ತಿಂಗಳು ಕಳೆದೆನಲ್ಲ, ಎಲ್ಲ ಬಾಯಿಗೆ ಬಂದು ಕೂತಿದ್ದು ನನಗೇ ಗೊತ್ತಿರಲಿಲ್ಲ. ಅವ್ವ ಎಲ್ಲಿ ಉಸಿರು ಬಿಡುತ್ತಾಳೆ, ಎಲ್ಲಿ ಎಳೆಯುತ್ತಾಳೆ, ಅದೂ ಬಂತು. ನಾನು ಮುಂದಿನ ಸೊಲ್ಲು ಹೇಳಿದೆ. ಅವರು ಐದೂ ಜನ ಎತ್ತಿಕೊಂಡರು. ನಾನು ನೆಟ್ಟ ಸಾಲು ಮಾತ್ರ ಹಾವಿನ ಹಾಗೆ ಹೋಗಿತ್ತು, ಹೀರಾಬಿ ಬೈಯುತ್ತ ಹಿಂದಿನಿಂದ ಕಿತ್ತು ನೆಡುತ್ತಿದ್ದಳು.

ಹಾಡು ಮುಗಿಯಿತು. ಒಡ್ಡಿಗೆ ಬಂದೆ. ಅವ್ವ ಕೆಸರು ಕೈಯನ್ನೇ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು. ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು. ಕಿವಿಯ ಹತ್ತಿರ ಬಾಯಿ ತಂದು, “ನಲವತ್ತು ವರ್ಸ ನಾ ಹಾಡಕೋತ ಬಂದೆ. ಒಬ್ಬರೂ ನನಗ ಕುಂದ್ರಿಸಿ ಹಾಡಿ ಕೇಳಿಸಿರಲಿಲ್ಲ. ಇದು ಇಷ್ಟು ಚಲೋ ಇರತದಂತ ಇವತ್ತ ಗೊತ್ತಾತು” ಎಂದಳು.

ಆಮೇಲೆ ಸೆರಗಿನಿಂದ ನನ್ನ ಮುಖದ ಕೆಸರು ಒರೆಸಿ ಗದ್ದೆಯ ಕಡೆ ನೂಕಿದಳು. “ಹೋಗ ಯವ್ವಾ, ಇನ್ನೊಂದು ಹಾಡು. ನಾ ಕೇಳತೀನಿ.”

ನಿನ್ನ
ಕಲ್ಯಾಣಿ